ಭತ್ತದ ಬೆಂಕಿ ರೋಗಕ್ಕೆ ಬೀಜದಲ್ಲೇ ಮದ್ದು ಕಂಡ ಕೆ. ರಾಮಯ್ಯ

ಅನ್ನವನ್ನು ದೇವರೆಂದು ಕೈಮುಗಿಯುವ ನಾಡು ನಮ್ಮದು. ಗದ್ದೆಯಿಂದ ಕದಿರು ತಂದು ಬಾಗಿಲಿಗೂ ತುಳಸಿಕಟ್ಟೆಗೂ ಕಟ್ಟಿ, ಆಮೇಲೆ ಹೊಸ ಅಕ್ಕಿ ಊಟ ಮಾಡುವವರು ನಾವು. ಆದರೆ ಆ ಕದಿರು ರೋಗವಿಲ್ಲದೆ ತುಂಬಿ ನಿಲ್ಲಲಿಕ್ಕೆ ಯಾರು ಯಾರು ದುಡಿದಿದ್ದಾರೆ ಅಂತ ಕೇಳಿದರೆ ಒಂದು ಹೆಸರು ಹೇಳುವವರೂ ಕಡಿಮೆ. ಸಿನೆಮಾದವರ ಹೆಸರು ಗೊತ್ತುಂಟು, ಕ್ರಿಕೆಟಿನವರದ್ದು ಗೊತ್ತುಂಟು. ಭತ್ತದ ವಿಜ್ಞಾನಿಗಳ ಹೆಸರು ಮಾತ್ರ ಗೊತ್ತಿಲ್ಲ. ಆದ್ದರಿಂದ ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಅಂಥವರಲ್ಲಿ ಹಿರಿಯರಾದ ದಿವಂಗತ ಕೆ. ರಾಮಯ್ಯ ಅವರ ಜೀವನವನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇನೆ.

ತಮಿಳುನಾಡಿನವರ ಕಥೆ ನಮಗೆ ಎಂತಕ್ಕೆ ಅಂತ ಕೆಲವರು ಕೇಳಬಹುದು. ನಮ್ಮ ಉಡುಪಿ, ಕಾಪು, ಕಾರ್ಕಳ ಎಲ್ಲ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲೇ ಇತ್ತು. ಉಡುಪಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ನಮ್ಮ ಅಜ್ಜಂದಿರ ಕಾಲದಲ್ಲಿ ನಮ್ಮ ಗದ್ದೆಗೆ ಸಂಬಂಧಪಟ್ಟ ಸರಕಾರಿ ಕೃಷಿ ಇಲಾಖೆ ಅಂದರೆ ಮದ್ರಾಸಿನದ್ದು. ಭತ್ತದ ತಳಿ ಸಂಶೋಧನೆಯ ಮುಖ್ಯ ಜಾಗ ಕೊಯಮತ್ತೂರು. ಹಾಗೆ ನೋಡಿದರೆ ರಾಮಯ್ಯನವರು ನಮ್ಮ ಜಿಲ್ಲೆ ಸೇರಿದ್ದ ಇಲಾಖೆಯವರೇ.

ಹುಟ್ಟು ಮತ್ತು ಉದ್ಯೋಗ

ರಾಮಯ್ಯನವರು ಹುಟ್ಟಿದ್ದು 1892ರ ಏಪ್ರಿಲ್ 15ರಂದು, ರಾಮನಾಥಪುರಂ ಸೀಮೆಯ ಕೀಳಕ್ಕರೈ ಎಂಬ ಊರಿನಲ್ಲಿ. ಅದೂ ನಮ್ಮ ಕಾಪುವಿನ ಹಾಗೆ ಕಡಲ ಕರೆಯ ಊರು. ಆದರೆ ಮಳೆ ನಮ್ಮಷ್ಟು ಇಲ್ಲ. ಕೃಷಿ ಶಿಕ್ಷಣ ಮುಗಿಸಿ ಅವರು ಮದ್ರಾಸು ಸರಕಾರದ ಕೃಷಿ ಇಲಾಖೆ ಸೇರಿದರು. ಕೊಯಮತ್ತೂರಿನಲ್ಲಿ 1912ರಲ್ಲಿ ಭತ್ತದ ತಳಿ ಅಭಿವೃದ್ಧಿ ಕೇಂದ್ರ ಶುರುವಾಗಿತ್ತು. ಅಲ್ಲಿ ಪಾರ್ನೆಲ್ ಎಂಬ ಇಂಗ್ಲಿಷ್ ವಿಜ್ಞಾನಿಯ ಕೈಕೆಳಗೆ ರಾಮಯ್ಯನವರು ಕೆಲಸ ಕಲಿತರು. ಮುಂದೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ ಹೆಚ್ಚಿನ ಓದು ಮುಗಿಸಿ ಬಂದು, ಅದೇ ಕೇಂದ್ರದ ಭತ್ತದ ತಜ್ಞರಾದರು.

ಆಗಿನ ಕೆಲಸ ಹೇಗಿತ್ತು ಅಂತ ಸ್ವಲ್ಪ ತಿಳಿಯಬೇಕು. ರೈತರ ಗದ್ದೆಯಲ್ಲಿ ಒಂದೇ ಹೆಸರಿನ ಭತ್ತ ಇದ್ದರೂ ಒಳಗೆ ಹತ್ತು ನಮೂನೆ ಗಿಡ ಇರ್ತದೆ. ಒಂದು ಎತ್ತರ, ಒಂದು ಗಿಡ್ಡ, ಒಂದು ಬೇಗ ಬಲಿಯುವುದು, ಒಂದು ತಡ. ಕೇಂದ್ರದವರು ಊರೂರಿನಿಂದ ಭತ್ತ ತರಿಸಿ, ಒಳ್ಳೆಯ ತೆನೆ ಆರಿಸಿ, ಒಂದೊಂದು ತೆನೆಯ ಕಾಳನ್ನು ಬೇರೆ ಬೇರೆ ಸಾಲಿನಲ್ಲಿ ಹಾಕಿ, ವರ್ಷಗಟ್ಟಲೆ ನೋಡಿ ಗಟ್ಟಿಯಾದದ್ದನ್ನು ಉಳಿಸುತ್ತಿದ್ದರು. ಹೀಗೆ ಆರಿಸಿದ ತಳಿಗಳಿಗೆ ಕೊಯಮತ್ತೂರಿನ ಗುರುತಾಗಿ ಸಿ.ಒ. ಎಂದು ನಂಬರು ಹಾಕುತ್ತಿದ್ದರು. ತಂಜಾವೂರು ಸೀಮೆಗೆ ಆಡುತುರೈಯಲ್ಲಿ 1922ರಲ್ಲಿ, ಮಲಬಾರಿಗೆ ಪಟ್ಟಾಂಬಿಯಲ್ಲಿ 1927ರಲ್ಲಿ ಬೇರೆ ಕೇಂದ್ರಗಳು ಆದವು. ಪಟ್ಟಾಂಬಿಯ ಮಣ್ಣು, ಮಳೆ ಎಲ್ಲ ಬಹುಮಟ್ಟಿಗೆ ನಮ್ಮ ಕರಾವಳಿಯ ಹಾಗೆಯೇ.

ಕೊಯಮತ್ತೂರಿನಿಂದ 1921ರಲ್ಲಿ ಹೊರಬಂದ ಜಿ.ಇ.ಬಿ. 24 ಎಂಬ ಸಣ್ಣ ಕಾಳಿನ ಭತ್ತ ಬಹಳ ಹೆಸರು ಮಾಡಿತು. ಇದನ್ನು ಕಿಚಿಲಿ ಸಾಂಬ ಅಂತಲೂ ಕರೆಯುತ್ತಾರೆ. ಕೋನಾಮಣಿ ಎಂಬ ತಳಿಯ ನಡುವೆ ತನ್ನಷ್ಟಕ್ಕೇ ಬದಲಾಗಿ ಹುಟ್ಟಿದ ಗಿಡ ಅದು. ಇದರ ಮಾತು ಮುಂದೆ ಪುನಃ ಬರ್ತದೆ.

ಬೆಂಕಿ ರೋಗ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಭತ್ತದ ಬೆಂಕಿ ರೋಗ ನೋಡದ ರೈತ ಇಲ್ಲ. ಇದು ಶಿಲೀಂಧ್ರದಿಂದ, ಅಂದರೆ ಬೂಷ್ಟಿನ ಜಾತಿಯ ಒಂದು ಸೂಕ್ಷ್ಮ ಜೀವಿಯಿಂದ ಬರುವ ರೋಗ. ಮೊದಲು ಎಲೆಯ ಮೇಲೆ ಕಣ್ಣಿನ ಆಕಾರದ ಚುಕ್ಕೆ ಕಾಣ್ತದೆ. ಎರಡು ತುದಿ ಚೂಪು, ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಚುಕ್ಕೆಗಳು ಒಂದಕ್ಕೊಂದು ಕೂಡಿದರೆ ಎಲೆ ಸುಟ್ಟ ಹಾಗೆ ಆಗ್ತದೆ. ಅದಕ್ಕೇ ಬೆಂಕಿ ಅಂತ ಹೆಸರು. ತೆನೆ ಬರುವ ಹೊತ್ತಿಗೆ ಬಂದರಂತೂ ಕೆಲಸ ಕೆಟ್ಟಿತು. ತೆನೆಯ ಕುತ್ತಿಗೆ ಕಪ್ಪಾಗಿ ಮುರಿದು ಬೀಳ್ತದೆ, ಕಾಳೆಲ್ಲ ಜೊಳ್ಳು. ರಾತ್ರಿ ತಂಪು, ಬೆಳಿಗ್ಗೆ ಇಬ್ಬನಿ, ಹಗಲು ಮೋಡ, ಆಗಾಗ ತುಂತುರು ಮಳೆ, ಜೊತೆಗೆ ಸಾರಜನಕದ ಗೊಬ್ಬರ ಜಾಸ್ತಿ, ಇಷ್ಟು ಕೂಡಿದರೆ ರೋಗ ಗಾಳಿಯಲ್ಲೇ ಗದ್ದೆಯಿಂದ ಗದ್ದೆಗೆ ಹೋಗ್ತದೆ.

1918ರ ಹೊತ್ತಿಗೆ ತಂಜಾವೂರಿನ ಕಾವೇರಿ ಬಯಲಿನಲ್ಲಿ ಈ ರೋಗ ಜೋರಾಗಿ ಕಾಣಿಸಿಕೊಂಡಿತು. ತಂಜಾವೂರು ಅಂದರೆ ಮದ್ರಾಸು ಪ್ರಾಂತ್ಯದ ಅನ್ನದ ಕಣಜ. ಅಲ್ಲಿ ರೈತರು ಇಷ್ಟಪಟ್ಟು ಬೆಳೆಯುತ್ತಿದ್ದ ಕೊರಂಗು ಸಾಂಬ ಎಂಬ ಭತ್ತವೇ ರೋಗಕ್ಕೆ ಬೇಗ ತುತ್ತಾಗುವಂಥದ್ದು. ಅಡಿಕೆಗೆ ಕೊಳೆರೋಗ ಬಂದರೆ ಮೈಲುತುತ್ತು, ಸುಣ್ಣ ಕಲಸಿ ಹೊಡೆಯಬಹುದು. ಬಯಲು ತುಂಬ ಇರುವ ಭತ್ತಕ್ಕೆ ಆ ಕಾಲದಲ್ಲಿ ಹಾಗೆ ಹೊಡೆಯಲಿಕ್ಕೆ ರೈತನ ಹತ್ತಿರ ಪಂಪೂ ಇಲ್ಲ, ದುಡ್ಡೂ ಇಲ್ಲ. ಗೇಣಿಗೆ ಮಾಡುವವನಿಗಂತೂ ಬೆಳೆ ಹೋದರೆ ಗೇಣಿಯೂ ಬಾಕಿ, ಊಟಕ್ಕೂ ಕಷ್ಟ. ಹಾಗಾಗಿ ಮದ್ದು ಬೀಜದೊಳಗೇ ಇರಬೇಕಿತ್ತು.

ರೋಗ ಬಂದ ಕಡೆ ಎಲ್ಲ ತಳಿಗಳೂ ಒಂದೇ ರೀತಿ ಹಾಳಾಗುವುದಿಲ್ಲ. ಒಂದು ಪೂರ್ತಿ ಸುಟ್ಟುಹೋದರೆ ಪಕ್ಕದ್ದು ನಾಲ್ಕು ಚುಕ್ಕೆಯಲ್ಲೇ ನಿಲ್ತದೆ. ಇಲಾಖೆಯವರು ತಳಿಗಳನ್ನು ಹೀಗೆ ಹೋಲಿಸಿ ನೋಡಿದಾಗ ಗಟ್ಟಿ ನಿಂತದ್ದು ಸಿ.ಒ. 4. ಇದು ಎಲ್ಲಿಂದಲೋ ವಿದೇಶದಿಂದ ಬಂದದ್ದಲ್ಲ. ಆನೈಕೊಂಬನ್ ಎಂಬ ರೈತರ ಹಳೆಯ ಭತ್ತದಿಂದ ಆರಿಸಿದ ತಳಿ. ಆದರೆ ತಂಜಾವೂರಿನ ರೈತ ತನಗೆ ಒಗ್ಗಿದ ಕೊರಂಗು ಸಾಂಬ ಬಿಟ್ಟು ಇದನ್ನು ಹಾಕಬೇಕಲ್ಲ? ಅಲ್ಲಿಯ ಮಣ್ಣಿಗೆ, ಅಲ್ಲಿಯ ಬಾಯಿರುಚಿಗೆ ಹೊಂದಿದ್ದು ಅದು. ಆದ್ದರಿಂದ ಎರಡನ್ನೂ ಕೂಡಿಸುವ ಕೆಲಸಕ್ಕೆ ರಾಮಯ್ಯನವರು ಕೈಹಾಕಿದರು. ಕೊರಂಗು ಸಾಂಬದಿಂದ ಆರಿಸಿದ ಎ.ಡಿ.ಟಿ. 10 ಒಂದು ಕಡೆ, ಸಿ.ಒ. 4 ಇನ್ನೊಂದು ಕಡೆ.

ಭತ್ತದಲ್ಲಿ ಈ ಕೆಲಸ ಸುಲಭದ್ದಲ್ಲ. ಭತ್ತದ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಒಟ್ಟಿಗೇ ಇರ್ತದೆ, ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಬೇರೆ ತಳಿಯ ಜೊತೆ ಕೂಡಿಸಬೇಕಾದರೆ ಹೂವು ಬಿರಿಯುವ ಮೊದಲು ಪ್ರತಿಯೊಂದು ಹೂವಿನ ತುದಿ ಕತ್ತರಿಸಿ, ಒಳಗಿನ ಆರು ಕೇಸರಗಳನ್ನು ಚಿಮಟಿಯಿಂದ ತೆಗೆದು, ಆಮೇಲೆ ಇನ್ನೊಂದು ತಳಿಯ ಪರಾಗ ಉದುರಿಸಬೇಕು. ಹಾಗೆ ಸಿಕ್ಕಿದ ಬೆರಳೆಣಿಕೆಯ ಕಾಳು ಬಿತ್ತಿದರೆ ಎರಡನೇ ತಲೆಮಾರಿನಲ್ಲಿ ಒಂದೊಂದು ಗಿಡ ಒಂದೊಂದು ತರ. ಕೆಲವು ಅಪ್ಪನ ಹಾಗೆ, ಕೆಲವು ಅಮ್ಮನ ಹಾಗೆ, ಕೆಲವು ಎರಡೂ ಅಲ್ಲ. ಅವುಗಳಲ್ಲಿ ರೋಗ ತಡೆಯುವುದು ಯಾವುದು, ತಡೆದದ್ದರಲ್ಲಿ ಫಸಲು ಬರುವುದು ಯಾವುದು ಅಂತ ಆರೇಳು ತಲೆಮಾರು ಆರಿಸಬೇಕು. ರೋಗವೇ ಬಾರದ ವರ್ಷ ಗಿಡವೆಲ್ಲ ಚಂದ ಕಾಣ್ತದೆ, ಗಟ್ಟಿ ಯಾವುದು, ಪೊಳ್ಳು ಯಾವುದು ಅಂತ ತಿಳಿಯುವುದೇ ಇಲ್ಲ. ಆದ್ದರಿಂದ ಗಿಡಗಳನ್ನು ಬೇಕೆಂದೇ ರೋಗದ ಬಾಯಿಗೆ ಒಡ್ಡಬೇಕು. ರೋಗ ಬಾರದ ಹಾಗೆ ಕಾಯುವುದು ರೈತನ ಕೆಲಸವಾದರೆ, ರೋಗ ಬರಲಿ ಅಂತ ಕಾಯುವುದು ಈ ವಿಜ್ಞಾನಿಗಳ ಕೆಲಸ.

ಈ ಕೆಲಸದ ವರದಿಯನ್ನು ರಾಮಯ್ಯ ಮತ್ತು ಅವರ ಸಹೋದ್ಯೋಗಿ ರಾಮಸ್ವಾಮಿ ಸೇರಿ 1936ರಲ್ಲಿ ಪ್ರಕಟಿಸಿದರು. ಅದು ಅಚ್ಚಾದದ್ದು ಸರ್ ಸಿ.ವಿ. ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಇದೇ ಎರಡು ತಳಿಗಳ ಸಂಕರದಿಂದ ಮುಂದೆ ಸಿ.ಒ. 25 ಎಂಬ ಬೆಂಕಿ ರೋಗ ತಡೆಯುವ ಭತ್ತ ರೈತರ ಕೈಗೆ ಬಂತು. ನಮ್ಮ ದೇಶದಲ್ಲಿ ರೋಗ ನಿರೋಧಕ ಭತ್ತ ಬೆಳೆಸುವ ಕೆಲಸಕ್ಕೆ ಇದು ಮೊದಲ ಮೆಟ್ಟಿಲುಗಳಲ್ಲಿ ಒಂದು.

ಬಂಗಾಳದ ಹಸಿವು, ಕಟಕ್‌ನ ಸಂಸ್ಥೆ

ಮದ್ರಾಸಿನ ಭತ್ತದ ಬಗ್ಗೆ ರಾಮಯ್ಯನವರು 1937ರಲ್ಲಿ ಒಂದು ಪುಸ್ತಕ ಬರೆದರು. ಆನಂತರ ಕೆಲವು ವರ್ಷ ಇಂದೋರಿನ ಸಂಸ್ಥೆಯಲ್ಲಿ ಹತ್ತಿಯ ತಳಿಯ ಮೇಲೆ ಕೆಲಸ ಮಾಡಿದರು. ಅಷ್ಟರಲ್ಲಿ ಬಂತು ಎರಡನೇ ಮಹಾಯುದ್ಧ. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿಂದ ಬರುವ ಅಕ್ಕಿ ನಿಂತಿತು. ಅದೇ ವರ್ಷ ಬಂಗಾಳದಲ್ಲಿ ಚಂಡಮಾರುತ. ಅದರ ಮೇಲೆ ಭತ್ತಕ್ಕೆ ಇನ್ನೊಂದು ಶಿಲೀಂಧ್ರ ರೋಗ, ಕಂದು ಚುಕ್ಕೆ ರೋಗ, ಹಿಂದೆಂದೂ ಕಾಣದಷ್ಟು ಬಂತು. 1943ರ ಬಂಗಾಳದ ಕ್ಷಾಮದಲ್ಲಿ 20ರಿಂದ 30 ಲಕ್ಷ ಜನ ಸತ್ತರೆಂದು ಅಂದಾಜು. ಕ್ಷಾಮಕ್ಕೆ ರೋಗವೊಂದೇ ಕಾರಣ ಅಂತ ಹೇಳಲಿಕ್ಕೆ ಆಗುವುದಿಲ್ಲ. ಯುದ್ಧದ ನೀತಿ, ಬೆಲೆ ಏರಿಕೆ, ದಾಸ್ತಾನು, ಆಡಳಿತದ ತಪ್ಪು ಎಲ್ಲ ಸೇರಿತ್ತು. ಆದರೆ ಗದ್ದೆಯಲ್ಲಿ ಒಂದು ಚುಕ್ಕೆಯಾಗಿ ಶುರುವಾಗುವ ರೋಗ ಎಲ್ಲಿಯವರೆಗೆ ಹೋಗಬಹುದು ಅಂತ ಇಡೀ ದೇಶಕ್ಕೆ ಗೊತ್ತಾಯಿತು.

ಈ ಪೆಟ್ಟಿನ ಮೇಲೆ ಭತ್ತಕ್ಕೇ ಒಂದು ಕೇಂದ್ರೀಯ ಸಂಸ್ಥೆ ಬೇಕೆಂದು ಸರಕಾರ ತೀರ್ಮಾನಿಸಿತು. 1946ರ ಏಪ್ರಿಲ್‌ನಲ್ಲಿ ಒಡಿಶಾದ ಕಟಕ್ ಹತ್ತಿರ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆ ಶುರುವಾಯಿತು. ಅದರ ಮೊದಲ ನಿರ್ದೇಶಕರು ಕೆ. ರಾಮಯ್ಯ. ತಳಿ, ರೋಗ, ಕೀಟ, ಮಣ್ಣು ಎಲ್ಲ ಒಂದೇ ಮಾಡಿನ ಕೆಳಗೆ ಅಭ್ಯಾಸ ಮಾಡುವ ವ್ಯವಸ್ಥೆ ಅಲ್ಲಿ ಆಯಿತು. ದೇಶದ ಬೇರೆ ಬೇರೆ ಕಡೆಯ ಭತ್ತದ ತಳಿ ತರಿಸಿ ಕೂಡಿಡುವ ಕೆಲಸವೂ ಅಲ್ಲಿ ನಡೆಯಿತು. ಭತ್ತದ ತಳಿ ಅಭಿವೃದ್ಧಿಯ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕ 1953ರಲ್ಲಿ ಪ್ರಕಟವಾಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರಾಗಿಯೂ ಅವರು ಏಷ್ಯಾದ ದೇಶಗಳಿಗೆ ಸಲಹೆ ಕೊಟ್ಟರು.

ಮಸೂರಿಯ ಹುಟ್ಟು

ನಮ್ಮ ಕಡೆಯ ಉದ್ದ ಹುಲ್ಲಿನ ಭತ್ತಕ್ಕೆ ಗೊಬ್ಬರ ಜಾಸ್ತಿ ಹಾಕಿದರೆ ಹುಲ್ಲು ಬೆಳೆದು ಮಗುಚಿ ಬೀಳ್ತದೆ. ಜಪಾನ್ ಕಡೆಯ ಗಿಡ್ಡ ಭತ್ತ ಗೊಬ್ಬರ ತಿಂದು ಕಾಳು ಕೊಡ್ತದೆ, ಆದರೆ ಅದರ ಅನ್ನ ಅಂಟು ಅಂಟು. ಇವೆರಡನ್ನೂ ಕೂಡಿಸಿ ನೋಡೋಣ ಎಂಬ ಯೋಜನೆ ರಾಮಯ್ಯನವರದ್ದು. 1950ರ ದಶಕದ ಆರಂಭದಲ್ಲಿ ಹಲವು ದೇಶಗಳ ತಳಿ ಕಟಕ್‌ಗೆ ಬಂದವು. ಅಲ್ಲಿ ಸಂಕರ ಮಾಡಿದ ಬೀಜ ಆಯಾ ದೇಶಕ್ಕೆ ಹೋಯಿತು. ಎರಡು ಜಾತಿ ಸರಿಯಾಗಿ ಕೂಡದೆ ಜೊಳ್ಳು ಬಂದದ್ದೇ ಜಾಸ್ತಿ. ಅಷ್ಟು ದೊಡ್ಡ ಯೋಜನೆಯಿಂದ ರೈತರ ಗದ್ದೆಗೆ ಬಂದದ್ದು ನಾಲ್ಕೇ ನಾಲ್ಕು ತಳಿ. ಅದರಲ್ಲಿ ಒಂದು ತಂಜಾವೂರಿನಲ್ಲಿ ಹೆಸರಾದ ಎ.ಡಿ.ಟಿ. 27. ಇನ್ನೊಂದು ಮಲೇಷ್ಯಾದಲ್ಲಿ ಆರಿಸಿ 1965ರಲ್ಲಿ ಬಿಡುಗಡೆ ಮಾಡಿದ ಮಹ್ಸೂರಿ. ಲಂಕಾವಿ ದ್ವೀಪದ ಜನಪದ ಕಥೆಯ ಹೆಣ್ಣುಮಗಳೊಬ್ಬಳ ಹೆಸರು ಅದು. ಅದೇ ಭತ್ತ ಭಾರತಕ್ಕೆ ಬಂದು ನಮ್ಮ ಬಾಯಲ್ಲಿ ಮಸೂರಿ ಆಯಿತು.

ಈಗ ಮಣಿಪಾಲದ ಹೋಟೆಲು, ಹಾಸ್ಟೆಲುಗಳಿಂದ ಹಿಡಿದು ನಮ್ಮ ಮನೆಯ ಜಂಬ್ರದ ಊಟದವರೆಗೆ ಬೆಳ್ತಿಗೆ ಅಕ್ಕಿ ಅಂದರೆ ಸೋನಾ ಮಸೂರಿ ಅನ್ನುವವರೇ ಹೆಚ್ಚು. ಅದು ಸೋನಾ ಮತ್ತು ಈ ಮಸೂರಿಯ ಮಗು. ಆಂಧ್ರದ ಬಾಪಟ್ಲದಿಂದ 1986ರಲ್ಲಿ ಬಂದ ಸಾಂಬ ಮಸೂರಿಯಲ್ಲಿ ಮಸೂರಿಯ ಜೊತೆ ಹಳೆಯ ಜಿ.ಇ.ಬಿ. 24ರ ರಕ್ತವೂ ಉಂಟು. ಅಂದರೆ ರಾಮಯ್ಯನವರ ಎರಡು ಕಾಲದ ಕೆಲಸ ಒಂದೇ ಬಟ್ಟಲಿಗೆ ಬಂದ ಹಾಗೆ. ಆದರೆ ಒಂದು ಮಾತು ಮರೆಯಬಾರದು. ಸಾಂಬ ಮಸೂರಿಯ ಅನ್ನ ಎಷ್ಟು ರುಚಿಯೋ, ಬೆಂಕಿ ರೋಗಕ್ಕೆ ಅದು ಅಷ್ಟೇ ಸುಲಭದ ತುತ್ತು. ರುಚಿ, ಫಸಲು, ರೋಗ ನಿರೋಧ ಈ ಮೂರನ್ನೂ ಒಂದೇ ಕಾಳಿನಲ್ಲಿ ತರುವುದು ಅಂದಿಗೂ ಕಷ್ಟ, ಇಂದಿಗೂ ಕಷ್ಟ.

ಕೊನೆಯ ವರ್ಷಗಳು

ಸರಕಾರ ರಾಮಯ್ಯನವರಿಗೆ 1957ರಲ್ಲಿ ಪದ್ಮಶ್ರೀ, 1970ರಲ್ಲಿ ಪದ್ಮಭೂಷಣ ಕೊಟ್ಟು ಗೌರವಿಸಿತು. 1968ರಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡು 1974ರವರೆಗೆ ಸದಸ್ಯರಾಗಿದ್ದರು. ನಮ್ಮ ಉಡುಪಿ ಕಡೆಯ ಬೆಳ್ಳೆಯಲ್ಲಿ ಹುಟ್ಟಿದ ಸ್ವಾತಂತ್ರ್ಯ ಹೋರಾಟಗಾರ ಜೋಕಿಂ ಆಳ್ವರೂ ಅದೇ ವರ್ಷ ನಾಮಕರಣ ಆದವರು ಎಂಬುದು ನಮಗೆ ಸಂತೋಷದ ವಿಷಯ. ರಾಮಯ್ಯನವರು 1988ರ ಆಗಸ್ಟ್ 3ರಂದು, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಸಿ.ಒ. 4ರಿಂದ ಹಿಡಿದು 1966ರ ಐ.ಆರ್. 8 ಮತ್ತು ಅದರ ನಂತರದ ಹಸಿರು ಕ್ರಾಂತಿಯವರೆಗೆ ಎಲ್ಲವನ್ನೂ ಕಂಡ ಜೀವ ಅದು.

ಅವರು ಹಿಡಿದ ದಾರಿ ಇಂದು ಹೀಗೆ ನಡೆಯುತ್ತಿದೆ

ಅಂದು ಗದ್ದೆಯಲ್ಲಿ ಮಾಡಿದ ಪರೀಕ್ಷೆಗೆ ಈಗ ಒಂದು ಕ್ರಮ ಉಂಟು. ರೋಗ ಜೋರಾಗಿ ಬರುವ ಜಾಗ ನೋಡಿ ಏರು ಮಡಿ ಮಾಡ್ತಾರೆ. ನಮ್ಮ ರಾಜ್ಯದಲ್ಲಿ ಕೊಡಗಿನ ಪೊನ್ನಂಪೇಟೆ, ಮಂಡ್ಯ ಇಂಥ ಪರೀಕ್ಷೆಯ ಜಾಗಗಳು. ಮಡಿಯಲ್ಲಿ ಒಂದೊಂದು ತಳಿಗೆ ಒಂದೊಂದು ಗಿಡ್ಡ ಸಾಲು. ಸುತ್ತಲೂ, ನಡು ನಡುವೆಯೂ ಬೇಗ ರೋಗ ಹಿಡಿಯುವ ತಳಿಯ ಸಾಲು, ಹೆಚ್ಚಾಗಿ ಎಚ್.ಆರ್. 12. ಯೂರಿಯಾ ಬೇಕೆಂದೇ ಜಾಸ್ತಿ. ಎಲೆ ಒಣಗದ ಹಾಗೆ ಆಗಾಗ ನೀರು ಚಿಮುಕಿಸುವುದು, ರಾತ್ರಿ ಹೊದಿಕೆ ಹಾಕುವುದು. ತಿಂಗಳೊಳಗೆ ಸುತ್ತಲಿನ ಸಾಲು ಸುಟ್ಟುಹೋಗ್ತದೆ. ಆಗ ಪ್ರತಿ ಸಾಲಿಗೂ ಸೊನ್ನೆಯಿಂದ 9ರವರೆಗೆ ಅಂಕ. ಸೊನ್ನೆ ಅಂದರೆ ಚುಕ್ಕೆಯೇ ಇಲ್ಲ, 9 ಅಂದರೆ ಎಲೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹೋಯಿತು. ಶಾಲೆಯಲ್ಲಿ ಹೆಚ್ಚು ಅಂಕ ಬಂದವ ಪಾಸು, ಇಲ್ಲಿ ಕಡಿಮೆ ಬಂದದ್ದು ಪಾಸು.

ಪಾಸಾದದ್ದು ಶಾಶ್ವತ ಅಂತಲೂ ಇಲ್ಲ. ಈ ಶಿಲೀಂಧ್ರದಲ್ಲಿಯೂ ನಾನಾ ಕುಲ ಉಂಟು. ಒಂದೇ ತಳಿಯನ್ನು ಎಲ್ಲ ಕಡೆ ಹಾಕಿದರೆ ಅದನ್ನು ಗೆಲ್ಲುವ ಕುಲವೇ ಹೆಚ್ಚಾಗಿ, ಕೆಲವು ವರ್ಷದಲ್ಲಿ ತಳಿಯ ಶಕ್ತಿ ಮುರಿದು ಹೋಗಬಹುದು. ಆಗ ಪುನಃ ಹೊಸ ಶಕ್ತಿ ಹುಡುಕಬೇಕು. ಅದು ಸಿಗುವುದು ಹೆಚ್ಚಾಗಿ ಹಳೆಯ ತಳಿಗಳಲ್ಲಿ, ಇಲ್ಲವೇ ಕಾಡು ಭತ್ತದಲ್ಲಿ. ಪಟ್ಟಾಂಬಿಯ ಪಿ.ಟಿ.ಬಿ. 33 ಎಂಬ ತಳಿ ಕಂದು ಜಿಗಿಹುಳು ತಡೆಯುವ ಶಕ್ತಿಗಾಗಿ ಪ್ರಪಂಚದ ವಿಜ್ಞಾನಿಗಳಿಗೆಲ್ಲ ಬೇಕಾದದ್ದು. ಅದೂ ನಮ್ಮಂಥ ಮಳೆನಾಡಿನ ಭತ್ತ.

ನಾವು ಮಾಡಬಹುದಾದದ್ದು

ರಾಮಯ್ಯನವರ ಜೀವನದಿಂದ ನಮ್ಮಂಥ ರೈತರು ತಿಳಿಯಬೇಕಾದದ್ದು ಇದೇ ಅಂತ ನನ್ನ ಅಭಿಪ್ರಾಯ. ಆನೈಕೊಂಬನ್ ಬೀಜವನ್ನು ಯಾವನೋ ಹೆಸರಿಲ್ಲದ ರೈತ ವರ್ಷ ವರ್ಷ ಉಳಿಸಿಕೊಂಡು ಬಾರದೆ ಇದ್ದಿದ್ದರೆ ಸಿ.ಒ. 4 ಇಲ್ಲ, ಸಿ.ಒ. 25 ಇಲ್ಲ. ವಿಜ್ಞಾನಿಯ ಬುದ್ಧಿ ಎಷ್ಟಿದ್ದರೂ ಇಲ್ಲದ ಬೀಜದಿಂದ ಏನೂ ಮಾಡಲಿಕ್ಕೆ ಆಗುವುದಿಲ್ಲ.

ನಮ್ಮಲ್ಲಿ ಏಣಿಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ಇತ್ತು. ಬೆಟ್ಟಿಗೆ ಬೇರೆ, ಮಜಲಿಗೆ ಬೇರೆ, ಬೈಲಿಗೆ ಬೇರೆ ಬೀಜ ಇತ್ತು. ಕಯಮೆ, ಅತಿಕರಾಯ, ಮಸ್ಕತಿ, ಗಂಧಸಾಲೆ ಇತ್ಯಾದಿ ಹೆಸರು ಹಿರಿಯರ ಬಾಯಲ್ಲಿ ಈಗಲೂ ಕೇಳ್ತದೆ. ಬಿತ್ತಿನ ಮುಡಿ ಕಟ್ಟಿ ಅಟ್ಟದಲ್ಲಿ ಇಡುತ್ತಿದ್ದರು. ಈಗ ಎಷ್ಟೋ ಬೈಲಿನಲ್ಲಿ ಈ ತುದಿಯಿಂದ ಆ ತುದಿಯವರೆಗೆ ಎಂ.ಒ. 4 ಒಂದೇ. ಅದು ಕೇರಳದ ಮೊಂಕೊಂಬು ಕೇಂದ್ರದ ಒಳ್ಳೆಯ ತಳಿ, ನಮ್ಮ ಕುಚ್ಚಲಕ್ಕಿಗೆ ಹೊಂದಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ತಳಿಯಾದರೂ ಊರಿಗೆಲ್ಲ ಒಂದೇ ಆದರೆ ಅಪಾಯ. ಒಬ್ಬನ ಗದ್ದೆಗೆ ಬಂದ ರೋಗ ಎಲ್ಲರ ಗದ್ದೆಗೂ ಬಂದಂತೆ.

ಹಾಗಂತ ಹಳೆಯದೆಲ್ಲ ಗಟ್ಟಿ ಅಂತ ನಾನು ಹೇಳುವುದಿಲ್ಲ. ಕೊರಂಗು ಸಾಂಬವೂ ಹಳೆಯ ತಳಿಯೇ, ರೋಗಕ್ಕೆ ಮೊದಲು ಬಿದ್ದದ್ದೂ ಅದೇ. ಯಾವುದು ಗಟ್ಟಿ ಅಂತ ಪಕ್ಕಪಕ್ಕದಲ್ಲಿ ಬೆಳೆದು ನೋಡಿಯೇ ತಿಳಿಯಬೇಕು. ಅದಕ್ಕೆ ನಮ್ಮಿಂದ ಆಗುವ ಕೆಲವು ಕೆಲಸ ಉಂಟು. ಹಳೆಯ ಬೀಜ ಇನ್ನೂ ಇರುವ ಮನೆಯವರು ಗದ್ದೆಯ ಮೂಲೆಯಲ್ಲಿ ಒಂದೊಂದು ಸೆಂಟ್ಸ್ ಜಾಗದಲ್ಲಾದರೂ ಅದನ್ನು ಪ್ರತಿ ವರ್ಷ ಬಿತ್ತಬೇಕು. ರೋಗದ ವರ್ಷ ಯಾವುದು ನಿಂತಿತು, ಯಾವುದು ಬಿತ್ತು ಅಂತ ಒಂದು ಪುಸ್ತಕದಲ್ಲಿ ಬರೆದಿಡಬೇಕು. ರೋಗ ಬಂದ ಗದ್ದೆಯ ಭತ್ತ ಬಿತ್ತಿಗೆ ಇಡಬಾರದು. ಯೂರಿಯಾ ಒಮ್ಮೆಲೇ ಸುರಿಯದೆ ಎರಡು ಮೂರು ಕಂತಿನಲ್ಲಿ ಕೊಡಬೇಕು. ಸಂದೇಹ ಬಂದರೆ ಚುಕ್ಕೆ ಬಿದ್ದ ಎಲೆ ಹಿಡಿದುಕೊಂಡು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗಬೇಕು, ಅದು ನಮಗೆ ದೂರ ಅಲ್ಲ. ರೈತರು ಉಳಿಸಿಕೊಂಡು ಬಂದ ತಳಿಯನ್ನು ರೈತರ ಹೆಸರಿನಲ್ಲೇ ನೋಂದಾಯಿಸಲಿಕ್ಕೆ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಅವಕಾಶ ಉಂಟು ಎಂಬುದನ್ನೂ ತಿಳಿದಿರಬೇಕು.

ನಮ್ಮ ಸಂಘ ಇಷ್ಟು ವರ್ಷ ಸದಸ್ಯರ ಹಣವನ್ನು ಜೋಪಾನ ಮಾಡಿದೆ. ಒಬ್ಬನ ಉಳಿತಾಯ ಇನ್ನೊಬ್ಬನ ಕಷ್ಟಕ್ಕೆ ಆಗುವುದೇ ಸಹಕಾರ. ಬೀಜದ ವಿಷಯವೂ ಹಾಗೆಯೇ. ಒಂದು ಮನೆಯವರು ಉಳಿಸಿದ ಒಂದು ಸೇರು ಭತ್ತ ಮುಂದೊಂದು ವರ್ಷ ಊರಿಗೇ ಬೇಕಾಗಬಹುದು. ಗದ್ದೆಗಳು ಹಡೀಲು ಬೀಳುತ್ತಿರುವ ಈ ಕಾಲದಲ್ಲಿ ಬೀಜವೂ ಹೋದರೆ ಮತ್ತೆ ತರಲಿಕ್ಕೆ ಯಾವ ಬ್ಯಾಂಕಿನಲ್ಲೂ ಸಾಲ ಸಿಗುವುದಿಲ್ಲ. ಮುಂದಿನ 25 ವರ್ಷದಲ್ಲಿ ಸಂಘವು ಹಣದ ಠೇವಣಿಯ ಜೊತೆಗೆ ಬೀಜದ ಠೇವಣಿಯನ್ನೂ ಇಟ್ಟುಕೊಳ್ಳುವಂತಾಗಲಿ ಎಂದು ಹಾರೈಸಿ, ಸಂಘಕ್ಕೂ ಸಮಸ್ತ ಸದಸ್ಯರಿಗೂ ಶುಭ ಕೋರುತ್ತೇನೆ.